ಮರಿತಾಯಮ್ಮನ ಬೇಲಿಯ ತುಂಬೆ

"ಅಯ್ಯಯ್ಯೋ, ಬನ್ರಪ್ಪೋ! ಪೋಟ ನಂಜೇಸಪ್ಪ ಬಿದ್ದೋಗ್ಬುಟ್ಟವ್ನೆ!"

ಮರಿತಾಯಮ್ಮನ ಗಂಟಲು ಕಳಲೆ ಊರಿಗೇ ಹೆಸರುವಾಸಿ. ಹಸು ತಪ್ಪಿಸಿಕೊಂಡಿತೆಂದು ಆಕೆ ಕೂಗಿದರೆ ನಾಲೆಯಾಚೆಯ ಗದ್ದೆಯಲ್ಲಿದ್ದವರೂ ತಲೆಯೆತ್ತಿ ತಮ್ಮ ಹಸುವನ್ನೊಮ್ಮೆ ನೋಡಿಕೊಳ್ಳುತ್ತಿದ್ದರು. ಆ ಬೆಳಿಗ್ಗೆ ತನ್ನ ಹಿತ್ತಲ ಬೇಲಿಯ ಹೊರಗೆ, ಹಸಿ ಮಣ್ಣಿನಲ್ಲಿ ಬೋರಲಾಗಿ ಬಿದ್ದಿದ್ದ ನಂಜೇಶನನ್ನು ಕಂಡದ್ದೇ ತಡ, ಸಗಣಿ ಬುಟ್ಟಿಯನ್ನು ಅಲ್ಲೇ ಕುಕ್ಕಿ ಬೊಬ್ಬೆಯಿಟ್ಟಳು. ಆಕೆಯ ಗಂಡ ದೊಡ್ಡಸಿದ್ದಯ್ಯ ಬೇವಿನ ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡೇ ಓಡಿ ಬಂದ. ಡೈರಿಗೆ ಹಾಲು ಹಾಕಲು ಹೊರಟಿದ್ದ ಇಬ್ಬರು ಕ್ಯಾನು ಇಳಿಸಿ ಬಂದರು. ಏನು ಎತ್ತ ಎಂದು ಕೇಳುವ ಮೊದಲೇ ಅಷ್ಟೂ ಕೈಗಳು ನಂಜೇಶನ ಕಂಕುಳಿಗೆ ನುಗ್ಗಿ, ಅವನನ್ನು ಭತ್ತದ ಮೂಟೆಯಂತೆ ಎತ್ತಿ ಕೂರಿಸಿದವು.

"ಬಾಯಿ ಸೊಟ್ಟಗಾಗದಾ ನೋಡ್ರೋ."

"ಆಂಬುಲೆನ್ಸ್‌ಗೆ ಪೋನ್ ಮಾಡ್ಲಾ."

"ಬಿದ್ದಿಲ್ಲ ಕಣ್ರಪ್ಪಾ!" ನಂಜೇಶ ಕೊಸರಿಕೊಂಡ. "ಮಲಗಿದ್ದೆ. ಫೋಟೊ ತೆಗೀತಿದ್ದೆ. ಇಲ್ನೋಡಿ, ಕ್ಯಾಮೆರಾ."

ಎಲ್ಲರೂ ಕ್ಯಾಮೆರಾ ನೋಡಿದರು. ಆಮೇಲೆ ಅದು ಮುಖಮಾಡಿದ್ದ ಕಡೆ ನೋಡಿದರು. ಅಲ್ಲಿ ಗೇಣುದ್ದದ ಒಂದು ತುಂಬೆ ಗಿಡ ಬಿಟ್ಟರೆ ಬೇರೇನೂ ಇರಲಿಲ್ಲ. ಶ್ರಾವಣ ಆಗತಾನೇ ಕಾಲಿಟ್ಟಿತ್ತು. ಗಿಡದ ತುದಿಯ ಗಂಟಿನಿಂದ ಒಂದೆರಡು ಬಿಳಿ ಹೂ ಹೊರಗೆ ಇಣುಕಿದ್ದವು.

"ಇದರದಾ?" ದೊಡ್ಡಸಿದ್ದಯ್ಯ ಬಾಯಿಂದ ಕಡ್ಡಿ ತೆಗೆದು ಕೇಳಿದ.

"ಹೂಂ."

"ಊರ್ ತುಂಬಾ ಅದೆಯಲ್ಲಪ್ಪ ಇದು!"

ಹಾಲಿನವರು ನಗು ತಡೆದುಕೊಂಡು ಕ್ಯಾನು ಎತ್ತಿಕೊಂಡರು. ಮರಿತಾಯಮ್ಮ ಮಾತ್ರ ನಗಲಿಲ್ಲ. ತನ್ನ ಸೆರಗಿನಿಂದ ಅವನ ಅಂಗಿಗೆ ಮೆತ್ತಿದ್ದ ಕೆಸರು ಒರೆಸುತ್ತಾ, "ಎದೆ ಒಡೆಸ್‌ಬುಟ್ಯಲ್ಲೋ ಮಗ," ಎಂದಳು.

ಅವರು ಹೆದರಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ವರ್ಷದ ವೈಶಾಖದಲ್ಲಿ, ತಿ. ನರಸೀಪುರದ ಛತ್ರವೊಂದರಲ್ಲಿ ಮದುವೆಯ ಫೋಟೊ ತೆಗೆಯುತ್ತಿದ್ದಾಗ ನಂಜೇಶನಿಗೆ ಲಕ್ವ ಹೊಡೆದಿತ್ತು. ಪುರೋಹಿತರು ಗಟ್ಟಿಮೇಳಕ್ಕೆ ಕೈಯೆತ್ತಿದ್ದಾರೆ, ಗಂಡಿನ ಕೈಯಲ್ಲಿ ತಾಳಿ ಇದೆ, ಅಕ್ಷತೆ ಹಿಡಿದ ಇಡೀ ಛತ್ರ ಎದ್ದು ನಿಂತಿದೆ. ಆ ಗಳಿಗೆಯಲ್ಲೇ ನಂಜೇಶನ ಬಲಗೈ ತನ್ನದಲ್ಲವೆನ್ನಿಸಿ ಕ್ಯಾಮೆರಾ ಜಾರಿತು, ಹಿಂದೆಯೇ ಅವನೂ ಜಾರಿದ. ಮದುಮಗಳಿಗೆಂದು ಚೆಂಡುಹೂವು ಕಟ್ಟಿ ಸಿಂಗರಿಸಿ ನಿಲ್ಲಿಸಿದ್ದ ಕಾರಿನಲ್ಲೇ ಅವನನ್ನು ಮೈಸೂರಿಗೆ ಸಾಗಿಸಿದರು. ಬೇಗ ತಂದದ್ದಕ್ಕೆ ಉಳಿದ ಎಂದರು ಡಾಕ್ಟರು. ಗುರುತಿಲ್ಲದ ಆ ಜನ ತಮ್ಮ ಮನೆಯ ಹೆಣ್ಣನ್ನು ಆಟೋದಲ್ಲಿ ಕಳಿಸಿ ತನ್ನನ್ನು ಹೂವಿನ ಕಾರಿನಲ್ಲಿ ಕಳಿಸಿದರಲ್ಲ ಎಂದು ನೆನೆದಾಗಲೆಲ್ಲ ನಂಜೇಶನ ಕಣ್ಣು ತುಂಬುತ್ತಿತ್ತು. ಅದರ ಜೊತೆಗೇ ಇನ್ನೊಂದು ಮಾತೂ ಚುಚ್ಚುತ್ತಿತ್ತು. ಆ ಗಂಡುಹೆಣ್ಣಿನ ಆಲ್ಬಮ್ಮಿನಲ್ಲಿ ತಾಳಿ ಕಟ್ಟುವ ಫೋಟೊ ಇಲ್ಲ. ಯಾರದೋ ಮೊಬೈಲಿನಲ್ಲಿ ಸಿಕ್ಕಿದ್ದರಲ್ಲಿ ಮುಕ್ಕಾಲು ಭಾಗ ಒಬ್ಬ ಮಾವನ ಮೊಣಕೈಯೇ ಇತ್ತು.

ಬಾಯಿ ನೆಟ್ಟಗಾಯಿತು, ಕಾಲು ನಡೆಯಿತು. ಬಲಗೈ ಊಟ ಮಾಡುವಷ್ಟು, ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟು ತಿರುಗಿ ಬಂತು. ತೋರುಬೆರಳು ಮಾತ್ರ ಹೇಳಿದ ಮಾತು ಕೇಳಲಿಲ್ಲ. ಒತ್ತು ಎಂದರೆ ಒಂದಿಷ್ಟು ಯೋಚನೆ ಮಾಡಿ, ಆಮೇಲೆ ಇಡೀ ಕೈಯನ್ನು ಜಗ್ಗಿಕೊಂಡು ಒತ್ತುತ್ತಿತ್ತು. ಈಗಿನ ಕ್ಯಾಮೆರಾಗಳು ಸಣ್ಣಪುಟ್ಟ ನಡುಕವನ್ನು ತಾವೇ ಸರಿಮಾಡಿಕೊಳ್ಳುತ್ತವೆ ನಿಜ. ಆದರೆ ಈ ಜಗ್ಗಾಟವನ್ನು ಸರಿಮಾಡುವ ಕ್ಯಾಮೆರಾವನ್ನು ಯಾರೂ ಇನ್ನೂ ಮಾಡಿರಲಿಲ್ಲ. ಧೈರ್ಯಮಾಡಿ ಚಿಕ್ಕಯ್ಯನಛತ್ರ ಎಂಬ ಊರಿನ ಒಂದು ನಾಮಕರಣಕ್ಕೆ ಹೋದ. ತೆಗೆದ ಅಷ್ಟೂ ಫೋಟೊಗಳಲ್ಲಿ ಮಗುವಿಗೆ ಎರಡೆರಡು ಮೂಗು. ಮಗುವಿನ ಅಜ್ಜ ಅವನ್ನು ನೋಡಿ, "ಪರ್ವಾಗಿಲ್ಲ ಬುಡಿ ಸಾ, ಮಗೀನೂ ಭಾಳ ಅಳ್ಳಾಡ್ತಿತ್ತು," ಎಂದರು. ಬೈದಿದ್ದರೆ ನಂಜೇಶ ತಡೆದುಕೊಳ್ಳುತ್ತಿದ್ದನೇನೋ. ಮನೆಗೆ ಬಂದವನೇ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ.

ನಂಜನಗೂಡಿನ ಪೇಟೆ ಬೀದಿಯಲ್ಲಿದ್ದ ಅವನ ಸ್ಟುಡಿಯೊವನ್ನು ಹೆಂಡತಿ ಅರ್ಪಿತ ನೋಡಿಕೊಳ್ಳತೊಡಗಿದಳು. ಕಂಪ್ಯೂಟರಿನ ಕೆಲಸ ಅವಳಿಗೆ ಮೊದಲಿನಿಂದಲೂ ಬರುತ್ತಿತ್ತು, ಫೋಟೊ ತೆಗೆಯುವುದು ಬರುತ್ತಿರಲಿಲ್ಲ. ಮೊದಲ ವಾರ ಅವಳು ತೆಗೆದ ಪಾಸ್‌ಪೋರ್ಟ್ ಫೋಟೊಗಳಲ್ಲಿ ಎಲ್ಲರೂ ಏನನ್ನೋ ಕದ್ದವರಂತೆ ಕಾಣುತ್ತಿದ್ದರು. ಆದರೂ ಬಿಡಲಿಲ್ಲ, ಕಲಿತಳು. ಒಂದು ಬೆಳಿಗ್ಗೆ ಬಸ್ಸಿಗೆ ಹೊರಡುವ ಮುನ್ನ ಬೀರು ತೆಗೆದು ಕ್ಯಾಮೆರಾವನ್ನು ಗಂಡನ ದಿಂಬಿನ ಪಕ್ಕ ಇಟ್ಟಳು.

"ಡಾಕ್ಟ್ರು ಕೈಗೆ ಬಾಲ್ ಕೊಟ್ಟು ಅಮುಕಿ ಅಂದ್ರು, ನೀವು ಅಮುಕ್ಲಿಲ್ಲ. ಇದನ್ನಾದ್ರೂ ಅಮುಕಿ."

"ಯಾರ ಫೋಟೊ ತೆಗೀಲಿ? ಇನ್ಯಾರ ಮಗೂಗೆ ಎರಡು ಮೂಗು ಮಾಡ್ಲಿ?"

"ಓಡಾಡದೆ ಒಂದೇ ಕಡೆ ನಿಂತಿರುತ್ತಲ್ಲ, ಹೆಂಗೆ ತೆಗೆದ್ರೂ ಬೇಜಾರು ಮಾಡ್ಕೊಳಲ್ವಲ್ಲ, ಅಂಥದ್ದು ಯಾವ್ದಾದ್ರೂ ಹುಡುಕ್ರಿ," ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಹಾಗೆ ಸಿಕ್ಕಿದ್ದು ಮರಿತಾಯಮ್ಮನ ಬೇಲಿಯ ತುಂಬೆ. ಆರಿಸಿದ್ದೇನೂ ಅಲ್ಲ. ಬೆಳಗಿನ ನಡಿಗೆಯಲ್ಲಿ ಅವನ ಕಾಲು ಅಲ್ಲಿಯವರೆಗೆ ಬಂದು ಸೋತಿತು, ಕೂರಲು ಒಂದು ಕಲ್ಲಿತ್ತು, ಕೂತರೆ ಎದುರಿಗೆ ಅದಿತ್ತು. ಮದುವೆಯ ಹೂವಿನ ಮಂಟಪಗಳನ್ನು ಇಪ್ಪತ್ತೈದು ವರ್ಷ ಕ್ಯಾಮೆರಾದಲ್ಲಿ ನೋಡಿದ ಮನುಷ್ಯ ತುಂಬೆಯನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಲೆನ್ಸಿನಲ್ಲಿ ಹತ್ತಿರ ತಂದುಕೊಂಡಾಗ ಕಂಡದ್ದು, ಅಕ್ಕಿ ಕಾಳಿಗಿಂತ ಚೂರು ದೊಡ್ಡದಾದ ಆ ಹೂ ಬುಡಮೇಲಾಗಿಟ್ಟರೆ ಎಳೆ ಮಗುವಿನ ಪಾದದ ಹಾಗೇ ಇದೆ. ಅದರೊಳಗೆ ತಲೆ ತೂರಿಸಿದ ಒಂದು ಇರುವೆಯ ಹಿಂಭಾಗ ಮಾತ್ರ ಹೊರಗಿತ್ತು. ನಂಜೇಶ ತನಗರಿವಿಲ್ಲದೆ ಮಣ್ಣಿನಲ್ಲಿ ಮಲಗಿ ಬೆರಳಿಗೆ ಒತ್ತು ಎಂದ. ಬೆರಳು ಯೋಚಿಸಿ, ಜಗ್ಗಿ, ಒತ್ತಿತು. ಮರಿತಾಯಮ್ಮ ಕೂಗಿಕೊಂಡದ್ದು ಆಗಲೇ.

ಸಂಜೆ ಅರ್ಪಿತ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದಳು. ಕೈ ಅಲುಗಿ, ಬಿಳಿಯ ಹೊಗೆಯಂಥದ್ದೇನೋ ಕಾಣಿಸಿತು.

"ಶೇಕ್," ಎಂದಳು.

ಅಲ್ಲಿಂದ ಮುಂದೆ ದಿನಾ ಅದೇ. ಬೆಳಿಗ್ಗೆ ಅವನು ತೆಗೆಯುವುದು, ಸಂಜೆ ಅವಳು ನೋಡುವುದು, "ಶೇಕ್" ಎನ್ನುವುದು. ಪರವಾಗಿಲ್ಲ ಎಂದಾಗಲಿ, ನಿನ್ನೆಗಿಂತ ವಾಸಿ ಎಂದಾಗಲಿ ಅವಳು ಒಮ್ಮೆಯೂ ಸುಳ್ಳು ಹೇಳಲಿಲ್ಲ. ಮೊದಮೊದಲು ನಂಜೇಶನಿಗೆ ಅದು ಕಲ್ಲು ಮನಸ್ಸಿನಂತೆ ಕಂಡಿತ್ತು. ಊರವರೆಲ್ಲ ಅವನ ಮುಂದೆ ಮಾತನ್ನು ಅಳೆದು ಸುರಿದು ಆಡುತ್ತಿದ್ದ ಆ ದಿನಗಳಲ್ಲಿ, ತನ್ನನ್ನು ಇನ್ನೂ ಕೆಲಸಗಾರನೆಂದು ತಿಳಿದಿದ್ದವಳು ಅವಳೊಬ್ಬಳೇ ಎಂದು ಅರ್ಥವಾಗಲು ದಸರೆಯವರೆಗೂ ಬೇಕಾಯಿತು.

ಕಾರ್ತಿಕದಲ್ಲಿ ಪ್ರಸಾದ್ ಬಂದ. ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಅವನು ನಂಜೇಶನ ಹಳೆಯ ಸ್ನೇಹಿತ. ಅವನ ಮದುವೆಯ ಫೋಟೊ, ಮಗಳು ಶೃತಿಯ ನಾಮಕರಣದ ಫೋಟೊ, ಅವಳು ಶಾಲೆಯಲ್ಲಿ ಒನಕೆ ಓಬವ್ವನಾದ ಫೋಟೊ ಎಲ್ಲವನ್ನೂ ತೆಗೆದಿದ್ದು ನಂಜೇಶನೇ. ಈಗ ಶೃತಿಗೆ ಗಂಡು ಗೊತ್ತಾಗಿತ್ತು.

"ವೈಶಾಖಕ್ಕೆ ಮದ್ವೆ. ನರಸೀಪುರದಲ್ಲಿ. ನೀನೇ ತೆಗೀಬೇಕು."

"ಯಾವ ಛತ್ರ?"

ಪ್ರಸಾದ್ ಸ್ವಲ್ಪ ತಡವರಿಸಿ, "ಅದೇ ಕಣೋ. ಗಂಡಿನೋರಿಗೆ ಅದೇ ಹತ್ರ," ಎಂದ.

ನಂಜೇಶ ಬಲಗೈ ಚಾಚಿ ತೋರಿಸಿದ. "ತಾಳಿ ಕಟ್ಟೋದು ಎರಡನೇ ಸಲ ಇರಲ್ಲ ಪ್ರಸಾದ. ನಿನ್ನ ಮಗಳ ಆಲ್ಬಮ್ಮಲ್ಲೂ ಅದೊಂದು ಫೋಟೊ ಇಲ್ದಂಗಾದ್ರೆ ನಾನು ಬದುಕಿದ್ದೂ ಸತ್ತಂಗೆ. ಬೇರೆಯವರಿಗೆ ಹೇಳು."

"ಉಗಾದಿವರೆಗೂ ಯಾರಿಗೂ ಹೇಳಲ್ಲ," ಎಂದು ಪ್ರಸಾದ್ ಎದ್ದ. "ಅವತ್ತು ಬೇವುಬೆಲ್ಲ ತಿಂದು ಫೋನ್ ಮಾಡು. ಹೂಂ ಅಂದ್ರೆ ಹೂಂ. ಇಲ್ಲ ಅಂದ್ರೆ ಊಟಕ್ಕಾದ್ರೂ ಬಾ."

ತನಗೆ ತಾನೇ ಪಣ ಕಟ್ಟಿಕೊಳ್ಳುವುದು ನಂಜೇಶನ ಹಳೆಯ ಚಾಳಿ. ಈ ಬಸ್ಸು ಸಿಕ್ಕರೆ ಕೆಲಸ ಆಗುತ್ತದೆ, ಸಿಗದಿದ್ದರೆ ಇಲ್ಲ ಎನ್ನುವ ಜಾತಿಯವನು. ಅಂದೂ ಮನಸ್ಸಿನಲ್ಲಿ ಒಂದು ಪಣ ಕಟ್ಟಿದ. ಕೈಯಲ್ಲೇ ಹಿಡಿದು, ಸ್ಟ್ಯಾಂಡು ಇಡದೆ, ಆ ತುಂಬೆ ಗಿಡದ ಒಂದು ಚೊಕ್ಕ ಫೋಟೊ ಯುಗಾದಿಯೊಳಗೆ ಬಂದರೆ ಮದುವೆ ಒಪ್ಪಿಕೊಳ್ಳುವುದು. ಬರದಿದ್ದರೆ ಕ್ಯಾಮೆರಾ ಮಾರಿಬಿಡುವುದು. ಇದನ್ನು ಅರ್ಪಿತಳಿಗೂ ಹೇಳಲಿಲ್ಲ.

ಕಾರ್ತಿಕ ಸೋಮವಾರಗಳಲ್ಲಿ ಮರಿತಾಯಮ್ಮ ಸೊಂಟಕ್ಕೆ ಪುಟ್ಟ ಬುಟ್ಟಿ ಸಿಕ್ಕಿಸಿಕೊಂಡು ಶಿವನ ಪೂಜೆಗೆ ತುಂಬೆ ಬಿಡಿಸುತ್ತಿದ್ದಳು. ಬೇಲಿಯುದ್ದಕ್ಕೂ ಬಿಡಿಸಿಕೊಂಡು ಬಂದು ಆ ಒಂದು ಗಿಡವನ್ನು ದಾಟಿ ಮುಂದಕ್ಕೆ ಹೋಗುವಳು. "ಇದು ಪೋಟ ಗಿಡ. ಇದ್ರದ್ದು ಶಿವಂಗೆ ಬ್ಯಾಡ, ನಂಜೇಸಂಗೆ ಇರ್ಲಿ," ಎಂದು ಶಿವನ ಬಳಿ ಕೇಳಿಕೊಂಡೂ ಆಗಿತ್ತು. ಪಕ್ಕದ ಮನೆಯ ಮೇಕೆ ಒಂದು ದಿನ ಗಿಡದ ಹತ್ತಿರ ಮೂಗು ತಂದಿತೆಂದು ಸುತ್ತಲೂ ಜಾಲಿಮುಳ್ಳು ನೆಟ್ಟಳು. ದಾರಿಹೋಕರು ನೆಲದಲ್ಲಿ ಮಲಗಿದ್ದ ನಂಜೇಶನನ್ನು ಕಂಡು ಗಾಬರಿಯಾಗಿ ನಿಂತರೆ, ಕೊಟ್ಟಿಗೆಯಿಂದಲೇ ಉತ್ತರ ಹೋಗುತ್ತಿತ್ತು: "ಬಿದ್ದಿಲ್ಲ ಕಣ್ರಪ್ಪೋ! ಪೋಟ ತಗೀತಾವ್ನೆ!"

ಧನುರ್ಮಾಸದ ಮಂಜಿನಲ್ಲಿ ಗಿಡದ ಒಂದೊಂದು ಗಂಟಿಗೂ ಹನಿ ಕೂತಿರುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಗಿಡ ಮೊಳಕಾಲೆತ್ತರ ಬಂದು ಮೈತುಂಬ ಬಿಳಿ ಮೆತ್ತಿಕೊಂಡಿತು. ನಂಜೇಶ ಮಲಗುವುದನ್ನು ಬಿಟ್ಟು ಒಂದು ಮೊಣಕಾಲೂರಿ ಕೂರುವುದನ್ನು ಕಲಿತ. ಬಲ ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿ, ಎಡಗೈಯನ್ನು ಕ್ಯಾಮೆರಾದ ಕೆಳಗೆ ಕೊಟ್ಟು, ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ, ಬೆರಳಿಗೆ ಆಜ್ಞೆ ಕೊಡುವ ಬದಲು ಅದು ತಾನಾಗಿ ಒತ್ತುವವರೆಗೆ ಕಾಯುವುದನ್ನು ಕಲಿತ. ಗಿಡಕ್ಕೆ ಅವಸರವಿರಲಿಲ್ಲ. ಅವಸರವಿಲ್ಲದ ಯಾರನ್ನೂ ಅವನು ಅದುವರೆಗೆ ಫೋಟೊ ತೆಗೆದಿರಲಿಲ್ಲ. ಸಂಜೆಗಳಲ್ಲಿ ಅರ್ಪಿತ "ಶೇಕ್" ಎನ್ನುವ ಮೊದಲು ಫೋಟೊವನ್ನು ಒಮ್ಮೆ ದೊಡ್ಡದು ಮಾಡಿ ನೋಡತೊಡಗಿದಳು.

ಶಿವರಾತ್ರಿಯ ಹಿಂದಿನ ದಿನ ಕಳಲೆಯ ಸುತ್ತಮುತ್ತ ಒಂದೇ ಒಂದು ತುಂಬೆ ಹೂ ಉಳಿಯಲಿಲ್ಲ. ಬುಟ್ಟಿ, ಕವರು, ಮಡಿಲು ಹಿಡಿದು ಬಂದವರೆಲ್ಲ ಬೋಳಿಸಿಕೊಂಡು ಹೋದರು. ಪೋಟ ಗಿಡದ ಪಕ್ಕ ಮರಿತಾಯಮ್ಮ ಕೋಲು ಹಿಡಿದು ಕಲ್ಲಿನ ಮೇಲೆ ಕೂತಿದ್ದಳು. ಅದರ ಮೈಮೇಲಿನ ಹೂ ಹಾಗೇ ಉಳಿಯಿತು. ತನಗಾಗಿ ಯಾರಾದರೂ ಇಷ್ಟು ಸಣ್ಣದೊಂದನ್ನು ಇಷ್ಟು ಜೋಪಾನ ಮಾಡಬಹುದೆಂದು ನಂಜೇಶ ಎಂದೂ ಎಣಿಸಿರಲಿಲ್ಲ.

ಆಮೇಲೆ ಬಿಸಿಲೇರಿತು. ಹೂ ಉದುರಿ, ಎಲೆ ಮುರುಟಿ, ಕೊನೆಗೆ ಒಣ ಕಡ್ಡಿಯೂ ಅದರುದ್ದಕ್ಕೂ ಪೋಣಿಸಿದಂಥ ಗುಂಡು ಗಂಟುಗಳೂ ಉಳಿದವು. ಅಷ್ಟು ತಿಂಗಳಲ್ಲಿ ಫೋಟೊ ಒಂದೂ ಚೊಕ್ಕವಾಗಿ ಬಂದಿರಲಿಲ್ಲ. ನಂಜೇಶ ಒಣಗಿದ್ದನ್ನೂ ಬಿಡದೆ ತೆಗೆಯುತ್ತಿದ್ದ. ಹಾಗೆ ನೋಡಿದರೆ ಅವನಿಗೆ ಈಗಲೇ ಆ ಗಿಡದ ಮೇಲೆ ಹೆಚ್ಚು ಪ್ರೀತಿ. ಗಂಟುಗಳ ಬಾಯೊಳಗೆ ಕಪ್ಪು ಬೀಜಗಳು ಕಾಣುತ್ತಿದ್ದವು.

ಮರಿತಾಯಮ್ಮನಿಗೆ ಇದು ತಿಳಿಯಲಿಲ್ಲ. "ಊವೇ ಇಲ್ವಲ್ಲಪ್ಪ. ಒಣಕಡ್ಡಿ ಪೋಟ ಯಾಕ್ ತಗೀತಿಯ?"

"ಉಗಾದಿಗೆ ಕೊನೇದು ಕಣವ್ವ. ಅವತ್ತೊಂದು ದಿನ ಇಲ್ಲಿ ಫೋಟೊ ಚೆನ್ನಾಗಿ ಬಂದ್ಬಿಟ್ರೆ ಸಾಕು."

"ಉಗಾದಿ ದಿಸ ಚೆಂದಾಗ್ ಬರ್ಬೇಕಾ?"

"ಬರಲೇಬೇಕು."

"ಅಂಗಾರೆ ಬತ್ತದೆ ಬುಡು." ಆಕೆ ಗಲ್ಲದ ಮೇಲೆ ಬೆರಳಿಟ್ಟು ಆ ಜಾಗವನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದಳು. ನಂಜೇಶ ಕ್ಯಾಮೆರಾದೊಳಗೆ ಕಣ್ಣಿಟ್ಟಿದ್ದ. ನೋಡಲಿಲ್ಲ.

ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಹಾಕಿಕೊಂಡು, ಅರ್ಪಿತ ಅಂಗೈಗೆ ಹಾಕಿದ ಬೇವುಬೆಲ್ಲ ನೆಕ್ಕಿ, ನಂಜೇಶ ಕ್ಯಾಮೆರಾ ಹೆಗಲಿಗೇರಿಸಿ ಹೊರಟ. ದಾರಿಯುದ್ದಕ್ಕೂ ಬಾಗಿಲಿಗೆ ಮಾವಿನ ಸೊಪ್ಪು, ಒಬ್ಬಟ್ಟಿನ ಬೇಳೆಯ ವಾಸನೆ. ಮರಿತಾಯಮ್ಮನ ಬೇಲಿಯ ತಿರುವಿಗೆ ಬಂದವನು, ದಾರಿ ತಪ್ಪಿದೆನೇ ಎಂದು ನಿಂತುಬಿಟ್ಟ.

ಬೇಲಿಯ ಬದಿ ಕನ್ನಡಿಯಂತೆ ಚೊಕ್ಕಟವಾಗಿತ್ತು. ಒಂದು ಕಡ್ಡಿ ಇಲ್ಲ, ಒಂದು ಗರಿಕೆ ಇಲ್ಲ. ಗುಡಿಸಿದ ಪೊರಕೆಯ ಗೆರೆಗಳು ಅರ್ಧಚಂದ್ರದ ಹಾಗೆ ಒಂದರ ಪಕ್ಕ ಒಂದು ಮೂಡಿದ್ದವು. ಅದರ ಮೇಲೆ ತೆಳ್ಳಗೆ ಸಗಣಿ ನೀರು ಚಿಮುಕಿಸಿತ್ತು. ನಡುವೆ ಎಳೆ ರಂಗೋಲಿ. ರಂಗೋಲಿಯ ನಡುವೆ, ನಿನ್ನೆಯವರೆಗೆ ಜಾಲಿಮುಳ್ಳಿನ ಒಳಗೆ ತುಂಬೆ ಗಿಡ ಇದ್ದ ಜಾಗದಲ್ಲೇ, ಒಂದು ಪೇಂಟಿನ ಡಬ್ಬ. ಡಬ್ಬಕ್ಕೆ ಅರಿಸಿನ ಕುಂಕುಮ. ಡಬ್ಬದಲ್ಲಿ ಎರಡು ಹೂ ಬಿಟ್ಟ ಕೆಂಪು ಗುಲಾಬಿ ಗಿಡ.

"ಬಾ ಮಗ," ಎಂದಳು ಪಕ್ಕದಲ್ಲಿ ನಿಂತಿದ್ದ ಮರಿತಾಯಮ್ಮ. "ಈಗ ತಗಿ ನೋಡವ, ಎಂಗ್ ಚೆಂದಾಗಿ ಬರಾಕಿಲ್ಲ ಅಂತ."

"ಇಲ್ಲಿದ್ದ ಗಿಡ ಎಲ್ಲವ್ವಾ?"

"ಯಾವ್ದು, ಆ ಒಣಕಡ್ಡಿಯಾ? ಕಿತ್ತು ನೀರೊಲೆಗಾಕ್ಬುಟ್ಟೆ. ಅಬ್ಬದ ದಿಸ ಯಾರಾರ ಒಣಗೋಗಿದ್ದನ್ನ ಪೋಟ ತಗೀತಾರಾ? ಕೋಳಿ ಕೂಗೋಕ್ ಮುಂಚೆ ಎದ್ದು ಗುಡ್ಸಿವ್ನಿ. ಈ ಗುಲಾಬಿಯ ಮಾದಪ್ಪನ ಮನೆಯಿಂದ ಕೇಳಿ ಈಸ್ಕೊಬಂದೆ. ಸಂದೆಗಂಟ ಇಟ್ಕ ಅಂದವ್ರೆ, ನಿಧಾನ್ಕೆ ತಗಿ."

ನಂಜೇಶನಿಗೆ ಸಿಟ್ಟು ನೆತ್ತಿಗೇರಿತು. ಶ್ರಾವಣದಿಂದ ಇಲ್ಲಿಯವರೆಗಿನ ಬೆಳಿಗ್ಗೆಗಳೆಲ್ಲ ಮರಿತಾಯಮ್ಮನ ಮನೆಯ ಹಂಡೆ ಕಾಯಿಸಿ ಬೂದಿಯಾಗಿದ್ದವು. ಆ ಗಿಡವಿಲ್ಲದೆ ಪಣವಿಲ್ಲ, ಪಣ ಗೆಲ್ಲದೆ ಮದುವೆಯಿಲ್ಲ. ಬೆಟ್ಟದಷ್ಟು ಮಾತು ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದು ಆಕೆಯ ಕಡೆ ತಿರುಗಿದ.

ಆಕೆಯ ತಲೆಗೂದಲಿನ ನೀರಿನ್ನೂ ಆರಿರಲಿಲ್ಲ. ಪೆಟ್ಟಿಗೆಯಿಂದ ತೆಗೆದ ಹೊಸ ಸೀರೆಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಬೆರಳ ತುದಿಗಳಲ್ಲಿ ರಂಗೋಲಿಯ ಬಿಳಿ, ಉಗುರಿನಲ್ಲಿ ಸಗಣಿಯ ಹಸಿರು, ಮುಂಗೈ ಮೇಲೆ ಜಾಲಿಮುಳ್ಳು ಕೀಳುವಾಗ ಗೀರಿದ ಹೊಸ ಗಾಯ. ಮೇಕೆಯಿಂದ ಗಿಡ ಕಾಯ್ದ ಕೈ ಅದು. ಶಿವನಿಗೆ ಕೊಡದೆ ಅವನಿಗೆ ಉಳಿಸಿದ ಕೈ, ಅವನು ಬಿದ್ದನೆಂದು ತಿಳಿದು ಓಡಿಬಂದು ಕೆಸರು ಒರೆಸಿದ ಕೈ. ಹಬ್ಬದ ದಿನ ತನ್ನ ಮನೆಯ ಬಾಗಿಲು ಸಾರಿಸುವ ಮೊದಲು ಅವನ ಫೋಟೊದ ಜಾಗ ಸಾರಿಸಿ ಬಂದಿದ್ದಳು ಆಕೆ. ನಂಜೇಶನ ಬಾಯಲ್ಲಿದ್ದ ಮಾತು ಅಲ್ಲೇ ಕರಗಿತು.

ಅವನ ಮುಖ ನೋಡಿ ಮರಿತಾಯಮ್ಮನಿಗೆ ಬೇರೇನೋ ಅನುಮಾನವಾಯಿತು. "ನಾ ಅಡ್ಡ ನಿಂತಿವ್ನಾ? ಪಕ್ಕುಕ್ ಓಗ್ಲಾ?"

"ಬೇಡ," ಎಂದ ನಂಜೇಶ. "ಅಲ್ಲೇ ಇರವ್ವ. ಒಂದು ನಿಮಿಷ ಅಲ್ಲೇ ಇರು."

"ಅಯ್, ನಂದ್ಯಾಕಪ್ಪ! ಊವಿಂದು ತಗಿ!" ಆಕೆ ನಾಚಿ, ಬಾಯಿಗೆ ಅಡ್ಡ ಹಿಡಿಯಲು ರಂಗೋಲಿಯ ಕೈಯನ್ನು ಅರ್ಧಕ್ಕೆತ್ತಿ ನಕ್ಕಳು.

ನಂಜೇಶನ ಮೊಣಕಾಲು ತಾನಾಗಿ ನೆಲಕ್ಕೂರಿತು. ಮೊಣಕೈ ಪಕ್ಕೆಗೆ ಸೇರಿತು. ಉಸಿರು ಅರ್ಧಕ್ಕೆ ನಿಂತಿತು. ತುಂಬೆಯ ಮುಂದೆ ಕಾದಂತೆ ಆ ನಗುವಿನ ಮುಂದೆ ಕಾದ. ಬೆರಳು ಯಾವಾಗ ಒತ್ತಿತೋ ಅವನಿಗೆ ತಿಳಿಯಲೇ ಇಲ್ಲ. ಕ್ಯಾಮೆರಾದ ಸದ್ದು ಕೇಳಿದಾಗಲೇ ಗೊತ್ತಾಗಿದ್ದು. ಇನ್ನೂ ಒಂದೆರಡು ತೆಗೆದ. ಆಕೆಯ ಮನಸ್ಸಿಗೆ ಬೇಸರವಾಗಬಾರದೆಂದು ಗುಲಾಬಿಯದೂ ತೆಗೆದ.

ಮನೆಯಲ್ಲಿ ಅರ್ಪಿತ ಒಬ್ಬಟ್ಟು ತಟ್ಟುತ್ತಿದ್ದವಳು ಕೈ ತೊಳೆದು ಬಂದು ಕಾರ್ಡು ಹಾಕಿದಳು. ಗುಲಾಬಿ ಶೇಕ್ ಆಗಿತ್ತು. ಮರಿತಾಯಮ್ಮನ ಎರಡನೆಯ ಫೋಟೊ, ಮೂರನೆಯದು ಶೇಕ್. ಮೊದಲನೆಯದನ್ನು ತೆರೆದು ಅವಳು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಕಣ್ಣಿನ ರೆಪ್ಪೆಯ ಒಂದೊಂದು ಕೂದಲೂ ಬೇರೆಬೇರೆಯಾಗಿ ನಿಂತಿತ್ತು. ಬೆರಳ ಸಂದಿಯಲ್ಲಿ ರಂಗೋಲಿ ಪುಡಿ ಕಾಳುಕಾಳಾಗಿ ಕಾಣುತ್ತಿತ್ತು.

ನಂಜೇಶ ಅವಳ ಬಾಯನ್ನೇ ನೋಡುತ್ತಿದ್ದ. ಅರ್ಪಿತ ಎದ್ದು ಒಳಗೆ ಹೋದಳು. ತಟ್ಟೆಯಲ್ಲಿ ಬಿಸಿ ಒಬ್ಬಟ್ಟು ತಂದು, ಅದರ ಮೇಲೆ ತುಪ್ಪ ಸುರಿದಳು. ಡಾಕ್ಟರು ತುಪ್ಪ ಬೇಡವೆಂದ ಮೇಲೆ ತೊಟ್ಟು ತುಪ್ಪಕ್ಕೂ ಲೆಕ್ಕ ಕೇಳುತ್ತಿದ್ದವಳು, ಆವತ್ತು ತಟ್ಟೆಯ ಅಂಚಿನವರೆಗೂ ಸುರಿಯುತ್ತಲೇ ಇದ್ದಳು. ಮೂಗು ಒರೆಸಿಕೊಂಡು, "ಪ್ರಸಾದಣ್ಣಂಗೆ ಫೋನ್ ಮಾಡ್ರಿ," ಎಂದಳು.

"ಆದ್ರೆ ಇದು ತುಂಬೇದಲ್ಲ," ಎಂದು ನಂಜೇಶ ತನ್ನ ಪಣದ ಕತೆಯನ್ನು ಆಗ ಹೊರಗೆ ಹಾಕಿದ.

"ಆ ಪಣ ಯಾರ ಹತ್ರ ಕಟ್ಟಿದ್ರಿ?"

"ಯಾರ ಹತ್ರಾನೂ ಇಲ್ಲ. ಮನಸ್ಸಲ್ಲೇ."

"ಹಂಗಾದ್ರೆ ಕೇಳೋರೂ ಯಾರಿಲ್ಲ. ಮಾಡ್ರಿ ಫೋನು."

ಶೃತಿಯ ಮದುವೆ ಅದೇ ಛತ್ರದಲ್ಲಿ ಆಯಿತು. ನಂಜೇಶ ಮಂಟಪದ ಮೆಟ್ಟಿಲ ಬಳಿ ಮೊಣಕಾಲೂರಿದ. ಎದುರು ಬದಿಯಲ್ಲಿ ಅರ್ಪಿತ ಇನ್ನೊಂದು ಕ್ಯಾಮೆರಾ ಹಿಡಿದು ನಿಂತಿದ್ದಳು. ಅದ್ಯಾಕೆ ಎಂದು ಅವನು ಕೇಳಿದ್ದಕ್ಕೆ, ನನ್ನ ಸಮಾಧಾನಕ್ಕೆ ಎಂದಿದ್ದಳು. ಗಟ್ಟಿಮೇಳ ಎದ್ದಾಗ ಹೋದ ವರ್ಷದ ಭಯವೂ ಅವನ ಮೈಯೊಳಗೆ ಎದ್ದಿತು. ಅವನು ಉಸಿರನ್ನು ಅರ್ಧ ಬಿಟ್ಟು, ಬೇಲಿಯ ಬದಿಯಲ್ಲಿ ಕೂತಂತೆ ಕೂತು ಕಾದ. ತಾಳಿ ಶೃತಿಯ ಕೊರಳು ಮುಟ್ಟಿದ್ದು, ಹಿಂದೆ ನಿಂತಿದ್ದ ಪ್ರಸಾದ್ ಶಲ್ಯದಿಂದ ಕಣ್ಣೊತ್ತಿಕೊಂಡದ್ದು ಎರಡೂ ಒಂದೇ ಫೋಟೊದಲ್ಲಿ ಚೊಕ್ಕವಾಗಿ ಬಂದಿದ್ದವು. ಊಟದ ಪಂಕ್ತಿಯ ಫೋಟೊಗಳಲ್ಲಿ ಸುಮಾರು ಶೇಕ್ ಆಗಿದ್ದವು. ಪ್ರಸಾದ್ ಅವನ್ನು ನೋಡಲೂ ಇಲ್ಲ.

ಮದುವೆಯ ಕೆಲಸ ಮುಗಿದ ಮೇಲೆ ನಂಜೇಶ ಮರಿತಾಯಮ್ಮನ ಫೋಟೊಗೆ ದೊಡ್ಡ ಕಟ್ಟು ಹಾಕಿಸಿ, ಒಂದು ಬೆಳಿಗ್ಗೆ ತೆಗೆದುಕೊಂಡು ಹೋದ. ಭರಣಿ ಮಳೆ ಚೆನ್ನಾಗಿ ಬಿದ್ದು ದಾರಿಯೆಲ್ಲ ನೆಂದಿತ್ತು. ಮರಿತಾಯಮ್ಮ ಜಗಲಿಯ ಮೇಲೆ ಕೂತು ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿರ ಹಿಡಿದಳು, ದೂರ ಹಿಡಿದಳು.

"ಅಯ್ಯೋ ಸಿವನೆ! ಇಷ್ಟೊಂದ್ ಸುಕ್ಕಾ ನನ್ ಮಕದಲ್ಲಿ? ಒಂದೊಂದೂ ಎಣುಸ್ಬೋದಲ್ಲಪ್ಪ! ಪ್ಯಾಟೇಲಿ ಮಕವ ನೈಸ್ ಮಾಡ್ಕೊಡ್ತಾರಂತೆ, ನೀ ಮಾಡ್ನಿಲ್ವಾ?"

"ಇಲ್ಲ ಕಣವ್ವ." ನಂಜೇಶ ಆಕೆಯ ಪಕ್ಕ ಕೂತ. "ಒಂದು ಸುಕ್ಕನ್ನೂ ಅಳಿಸಲ್ಲ. ಅಷ್ಟೂ ನಂಗೆ ಬೇಕು."

"ಉಚ್ಚ ನನ್ಮಗ," ಎಂದು ಆಕೆ ಸೆರಗಿನಿಂದ ಗಾಜು ಒರೆಸಿದಳು. ದೊಡ್ಡಸಿದ್ದಯ್ಯ ಮೊಳೆ ಹುಡುಕಲು ಒಳಗೆ ಹೋದ.

ನಂಜೇಶ ಬೇಲಿಯ ಬದಿಗೆ ನಡೆದ. ಯುಗಾದಿಯಂದು ಗುಡಿಸಿದ್ದ ನೆಲ ಮಳೆಗೆ ಕಪ್ಪಾಗಿತ್ತು. ರಂಗೋಲಿ ಎಂದೋ ಅಳಿಸಿಹೋಗಿತ್ತು. ಅಲ್ಲೆಲ್ಲ ಸಣ್ಣ ಹಸಿರು ಎದ್ದಿತ್ತು. ಬಗ್ಗಿ ನೋಡಿದ. ಎರಡೆರಡು ಎಲೆಯ ತುಂಬೆ ಸಸಿಗಳು. ಅವು ಚೆಲ್ಲಾಪಿಲ್ಲಿ ಎದ್ದಿರಲಿಲ್ಲ. ಪೊರಕೆ ಎಳೆದ ದಾರಿಯಲ್ಲೇ, ಅರ್ಧಚಂದ್ರದ ಹಾಗೆ, ಒಂದರ ಪಕ್ಕ ಒಂದು ಸಾಲುಗಟ್ಟಿ ಬೇಲಿಯುದ್ದಕ್ಕೂ ಎದ್ದಿದ್ದವು.

ಅವನು ಕ್ಯಾಮೆರಾ ತೆಗೆದು, ಹಸಿ ಮಣ್ಣಿನಲ್ಲಿ ಹಾಗೇ ಬೋರಲಾದ. ದಾರಿಯಲ್ಲಿ ಹೋಗುತ್ತಿದ್ದ ಬೈಕೊಂದು ಗಕ್ಕನೆ ನಿಂತಿತು. ಅಂಗಳ ಗುಡಿಸಲೆಂದು ಜಗಲಿಯಿಂದ ಇಳಿದು ಬಂದ ಮರಿತಾಯಮ್ಮ ಬೇಲಿಯ ಬದಿಯ ಹಸಿರನ್ನು ಕಂಡು, ಪೊರಕೆಯನ್ನು ಕಂಕುಳಿಗೆ ಏರಿಸಿಕೊಂಡು ಅಲ್ಲೇ ನಿಂತಳು.

"ಓಗ್ರಪ್ಪ, ಓಗಿ," ಎಂದು ಬೈಕಿನವನಿಗೆ ಕೈ ಬೀಸಿದಳು. "ಬಿದ್ದಿಲ್ಲ."